ಕುದುರೆಗಾಡಿ ಓಡಿಸುವವರು ಯಾರು? ಮೆನ್ನೋನೈಟರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್ಲೂ ಸೀಮೆಗೆ ಓದಲು, ದುಡಿಯಲು ಬಂದ ಕನ್ನಡಿಗರು ಸೇಂಟ್ ಜೇಕಬ್ಸ್ ಸಂತೆಗೆ ಹೋದ ಮೊದಲ ದಿನವೇ ಸಾಲಾಗಿ ನಿಂತ ಕರಿ ಕುದುರೆಗಾಡಿಗಳನ್ನು ನೋಡುತ್ತಾರೆ. ಮಗಳ ಬಾಣಂತನಕ್ಕೆಂದು ಊರಿನಿಂದ ಬಂದ ತಂದೆತಾಯಿಯರೂ ನೋಡುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹಾಗೆ ಊಟದ ಮನೆಯಲ್ಲಿ, ದಾರಿಯಲ್ಲಿ, ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಕೂಡಿಸಿದ್ದೇನೆ. ನಾನು ಮೆನ್ನೋನೈಟನಲ್ಲ, ಅವರ ಸಭೆಯ, ಅಂದರೆ ಚರ್ಚಿನ, ಹಿಂದಿನ ಬೆಂಚಿನಲ್ಲಿ ಅನೇಕ ಭಾನುವಾರ ಕುಳಿತ ನೆರೆಯವನು.

## ಮೊದಲು ಕೇಳುವವು

ಮೆನ್ನೋನೈಟರು ಅಂದ್ರೆ ಯಾರು? ಅದು ಜಾತಿಯಾ, ಪಂಥವಾ?

ಪಂಥ. 16ನೆಯ ಶತಮಾನದ ಯೂರೋಪಿನಲ್ಲಿ ಕ್ಯಾಥೊಲಿಕರಿಂದಲೂ, ಲೂಥರ್ ಮತ್ತು ಜ್ವಿಂಗ್ಲಿಯವರ ಸುಧಾರಿತ ಸಭೆಗಳಿಂದಲೂ ಬೇರೆಯಾಗಿ ನಿಂತ ಅನಾಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ದೊಡ್ಡ ಕವಲು ಇದು. ಹೆಸರು ಬಂದದ್ದು ಮೆನ್ನೋ ಸೈಮನ್ಸ್ ಎಂಬ ಪಾದ್ರಿಯಿಂದ. ಆತ 1496ರಲ್ಲಿ, ಇಂದಿನ ನೆದರ್ಲೆಂಡ್ಸ್‌ಗೆ ಸೇರಿದ ಫ್ರೀಸ್‌ಲ್ಯಾಂಡಿನ ವಿಟ್ಮಾರ್ಸಮ್ ಎಂಬ ಊರಿನಲ್ಲಿ ಹುಟ್ಟಿದವನು. ಪಂಥವನ್ನು ಸ್ಥಾಪಿಸಿದವನು ಆತನಲ್ಲ; ಅದು ಹುಟ್ಟಿ ಹನ್ನೊಂದು ವರ್ಷ ಕಳೆದ ಮೇಲೆ, 1536ರಲ್ಲಿ, ಪಾದ್ರಿಯ ಕೆಲಸ ಬಿಟ್ಟು ಬಂದು ಸೇರಿಕೊಂಡವನು. ಅದಕ್ಕೆ ಸ್ವಲ್ಪ ಮೊದಲು, 1534-35ರಲ್ಲಿ, ಮ್ಯೂನ್‌ಸ್ಟರ್ ಪಟ್ಟಣದ ಕೆಲವು ಅನಾಬ್ಯಾಪ್ಟಿಸ್ಟರು ಕತ್ತಿ ಹಿಡಿದು ದೇವರ ರಾಜ್ಯವನ್ನು ಕಟ್ಟಲು ಹೊರಟು ರಕ್ತಪಾತದಲ್ಲಿ ಕೊನೆಗೊಂಡಿದ್ದರು. ಆ ಅನಾಹುತದ ನಂತರ ದಿಕ್ಕಾಪಾಲಾಗಿದ್ದವರನ್ನು ಹುಡುಕಿ, ಕೂಡಿಸಿ, ಆಯುಧ ಮುಟ್ಟದ ಸಭೆಯಾಗಿ ನಿಲ್ಲಿಸಿದ್ದು ಮೆನ್ನೋ.

ಜಾತಿಯೇ ಎಂಬ ಅನುಮಾನ ಬರುವುದಕ್ಕೂ ಕಾರಣವಿದೆ. ಇಲ್ಲಿಯ ಸಭೆಗಳಲ್ಲಿ ಮಾರ್ಟಿನ್, ಬ್ರೂಬೇಕರ್, ಫ್ರೀಸನ್, ಪೆನ್ನರ್ ಎಂಬ ಕೆಲವೇ ಮನೆತನದ ಹೆಸರುಗಳು ಸುತ್ತಿ ಸುತ್ತಿ ಬರುತ್ತವೆ. ಇಬ್ಬರು ಮೆನ್ನೋನೈಟರು ಮೊದಲ ಸಲ ಭೇಟಿಯಾದರೆ, ನಮ್ಮವರು ಊರು, ಮನೆತನ ವಿಚಾರಿಸುವ ಹಾಗೆಯೇ, ಅಜ್ಜಿಯ ತವರಿನ ತನಕ ಕೆದಕಿ ಏನಾದರೊಂದು ನೆಂಟಸ್ತಿಕೆ ಹುಡುಕಿಕೊಳ್ಳುತ್ತಾರೆ. ಆದರೆ ಜಗತ್ತಿನಾದ್ಯಂತ ಇರುವ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಅನಾಬ್ಯಾಪ್ಟಿಸ್ಟ್ ಸಭಾಸದಸ್ಯರಲ್ಲಿ ಹೆಚ್ಚಿನವರು ಇಂದು ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದವರು. ಇಥಿಯೋಪಿಯದ ಮೆಸೆರೆಟೆ ಕ್ರಿಸ್ಟೋಸ್ ಸಭೆ ಇವುಗಳಲ್ಲಿ ಬಹಳ ದೊಡ್ಡದು. ಅವರಿಗೆ ಈ ಮನೆತನದ ಹೆಸರುಗಳ ಆಟ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಎಲ್ಲರೂ ಕುದುರೆಗಾಡೀಲೇ ಓಡಾಡ್ತಾರಾ? ಕರೆಂಟು, ಫೋನು ಏನೂ ಇಲ್ವಾ?

ಇಲ್ಲ. ಕುದುರೆಗಾಡಿಯವರು ಹಳೆಯ ಕ್ರಮದವರು, ಅಂದರೆ ಓಲ್ಡ್ ಆರ್ಡರ್ ಮೆನ್ನೋನೈಟರು; ಒಂಟಾರಿಯೊದಲ್ಲಿ ಅವರು 1889ರಲ್ಲಿ ಉಳಿದವರಿಂದ ಬೇರೆಯಾದರು. ಆ ಗುಂಪಿನಲ್ಲೂ ಅನೇಕ ಮನೆಗಳಲ್ಲಿ ವಿದ್ಯುತ್ತು, ದೂರವಾಣಿ ಎರಡೂ ಇವೆ. ಕಾರು ಇಟ್ಟುಕೊಂಡು ಅದಕ್ಕೆ ಕರಿ ಬಣ್ಣವೇ ಇರಬೇಕೆನ್ನುವ ಇನ್ನೊಂದು ಗುಂಪೂ ಇದೆ. ಉಳಿದ ಬಹುಪಾಲು ಮೆನ್ನೋನೈಟರನ್ನು ಬೀದಿಯಲ್ಲಿ ನೋಡಿದರೆ ನಿಮಗೆ ಗುರುತು ಹತ್ತುವುದಿಲ್ಲ. ನಿಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುವವರೇ ಮೆನ್ನೋನೈಟರಾಗಿರಬಹುದು. ಹಳಬರ ಲೆಕ್ಕಾಚಾರವೂ "ಯಂತ್ರ ಪಾಪ" ಎಂಬುದಲ್ಲ. ಒಂದು ಹೊಸ ವಸ್ತು ಒಳಗೆ ಬಂದರೆ ಅಕ್ಕಪಕ್ಕದವರ ಅಗತ್ಯ ಕಡಿಮೆಯಾಗಿ ಸಭೆ ಸಡಿಲವಾಗುತ್ತದೆಯೇ ಎಂದು ತೂಗಿ ನೋಡುತ್ತಾರೆ. ನಮ್ಮ ಮನೆಗಳಲ್ಲಿ ಮೊಬೈಲ್ ಬಂದ ಮೇಲೆ ಜಗುಲಿಯ ಮಾತು ಏನಾಯಿತೆಂದು ನೆನೆದರೆ, ಆ ಲೆಕ್ಕ ಪೂರ್ತಿ ಹುಚ್ಚೆಂದು ನನಗೆ ಅನ್ನಿಸುವುದಿಲ್ಲ.

ಆಮಿಷ್ ಅಂತಾರಲ್ಲ, ಅವರೂ ಇವರೇನಾ?

ದಾಯಾದಿಗಳು. ಸಭೆಯಿಂದ ಹೊರಹಾಕಿದವರ ಜೊತೆ ಊಟದ ಪಂಕ್ತಿಯನ್ನೂ ಬಿಡಬೇಕೇ ಎಂಬಂಥ ವಿಷಯಗಳಲ್ಲಿ ಜಗಳವಾಗಿ, 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಹಿರಿಯನ ಜೊತೆ ಸಿಡಿದು ಹೋದವರು ಆಮಿಷರು.

ಮಂಗಳೂರಿನ ಬಾಸೆಲ್ ಮಿಷನ್‌ಗೂ ಇವರಿಗೂ ಸಂಬಂಧ ಇದೆಯಾ?

ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದ, 1894ರಲ್ಲಿ ಹೊರಬಂದ ಕಿಟೆಲ್ ನಿಘಂಟಿನಿಂದ ನಮಗೆಲ್ಲ ಪರಿಚಿತವಾದ ಬಾಸೆಲ್ ಮಿಷನ್, ಲೂಥರನ್ ಮತ್ತು ಸುಧಾರಿತ ಸಭೆಗಳ ಹಿನ್ನೆಲೆಯದು. ಶಿಶುಗಳಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಕೊಡುವ ಪರಂಪರೆ ಅದು; ಮೆನ್ನೋನೈಟರು ಶಿಶುಗಳಿಗೆ ಕೊಡುವುದಿಲ್ಲ. ಸ್ವಿಸ್ ಪಟ್ಟಣಗಳ ಅಂಥ ಸಭೆಗಳೇ ಒಂದು ಕಾಲಕ್ಕೆ ಅನಾಬ್ಯಾಪ್ಟಿಸ್ಟರನ್ನು ಊರು ಬಿಡಿಸಿದ್ದವು. ವಿಚಿತ್ರವೆಂದರೆ, ಮೆನ್ನೋನೈಟರ ಮೊದಲ ಜಾಗತಿಕ ಸಮ್ಮೇಳನ 1925ರಲ್ಲಿ ನಡೆದದ್ದು ಆ ಮಿಷನ್ನಿಗೆ ಹೆಸರು ಕೊಟ್ಟ ಸ್ವಿಸ್ ನಗರ ಬಾಸೆಲ್‌ನಲ್ಲೇ.

ನಮ್ಮಂಥ ಹೊರಗಿನವರು ಅವರ ಆರಾಧನೆಗೆ ಹೋಗಬಹುದಾ?

ಧಾರಾಳವಾಗಿ. ಪೇಟೆಯ ಸಭೆಗಳಲ್ಲಿ ಬಾಗಿಲಲ್ಲೇ ಯಾರಾದರೂ ಕೈಕುಲುಕಿ ಕರೆದು ಕೂರಿಸುತ್ತಾರೆ. ಹಳೆಯ ಕ್ರಮದವರಲ್ಲಿಗೆ ಹೋಗುವುದಾದರೆ ಮೊದಲೇ ಕೇಳಿ ಹೋಗುವುದು ಮರ್ಯಾದೆ, ಫೋಟೋ ತೆಗೆಯಲು ಮಾತ್ರ ಹೋಗಬೇಡಿ. ಮಂದಿರದಲ್ಲಿ ವಿಗ್ರಹವಿಲ್ಲ, ಅಲಂಕಾರವೂ ಕಡಿಮೆ. ನೀವು ನೆನಪಿಟ್ಟುಕೊಳ್ಳುವುದು ಹಾಡನ್ನು. ವಾದ್ಯದ ಆಸರೆಯಿಲ್ಲದೆ ಇಡೀ ಸಭೆ ನಾಲ್ಕು ಸ್ವರಪಂಕ್ತಿಗಳಾಗಿ ಒಡೆದು ಹಾಡುತ್ತದೆ. ಶ್ರುತಿಪೆಟ್ಟಿಗೆಗೆ ಒಗ್ಗಿದ ನಮ್ಮ ಕಿವಿಗೆ ಮೊದಲು ಹಿಡಿತ ಸಿಗುವುದಿಲ್ಲ. ಆಮೇಲೆ ನಿಮ್ಮ ಬೆನ್ನ ಹಿಂದೆಯೇ ಎದ್ದು ಬರುವ ಗಂಡಸರ ಮಂದ್ರ ಸ್ವರದಿಂದ ಬೆಂಚಿನ ಹಲಗೆ ಅದುರುವುದು ಕೈಗೆ ತಿಳಿಯುತ್ತದೆ.

## ನಂಬಿಕೆ ಮತ್ತು ಆಚರಣೆ

ಮಕ್ಕಳಿಗೆ ದೀಕ್ಷಾಸ್ನಾನ ಯಾಕೆ ಕೊಡಲ್ಲ? ಅಷ್ಟಕ್ಕೇ ಆ ಕಾಲದಲ್ಲಿ ಇವರನ್ನ ಯಾಕೆ ಕೊಂದರು?

ನಂಬುವುದೆಂದರೆ ತಿಳಿದು, ಒಪ್ಪಿ, ತನ್ನ ಬಾಯಿಂದ ಹೇಳಿ ಹೊರುವ ಹೊಣೆ, ಅದನ್ನು ತೊಟ್ಟಿಲ ಮಗುವಿನ ಪರವಾಗಿ ಯಾರೂ ಹೊರಲಾಗದು ಎಂಬುದು ಇವರ ಮೂಲ ಮಾತು. 1525ರ ಜನವರಿ 21ರಂದು ಜ್ಯೂರಿಕ್‌ನಲ್ಲಿ ಕಾನ್ರಾಡ್ ಗ್ರೇಬೆಲ್, ಫೆಲಿಕ್ಸ್ ಮಾಂಟ್ಸ್, ಜಾರ್ಜ್ ಬ್ಲೌರಾಕ್ ಮತ್ತು ಕೆಲವರು ಒಂದು ಮನೆಯಲ್ಲಿ ಸೇರಿ, ಶಿಶುಗಳಾಗಿದ್ದಾಗಲೇ ದೀಕ್ಷಾಸ್ನಾನವಾಗಿದ್ದ ತಾವು ಮತ್ತೊಮ್ಮೆ ಪರಸ್ಪರ ಅದನ್ನು ಕೊಟ್ಟುಕೊಂಡರು. ಅನಾಬ್ಯಾಪ್ಟಿಸ್ಟ್ ಎಂದರೆ ಮತ್ತೆ ದೀಕ್ಷಾಸ್ನಾನ ಮಾಡಿಸುವವರು. ಅದು ವಿರೋಧಿಗಳು ಇಟ್ಟ ಅಡ್ಡಹೆಸರು. ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಹುಡುಗರು ದಿನಾ ಹಾದುಹೋಗುವ ಕಾಲೇಜಿನ ಫಲಕದ ಮೇಲಿರುವುದು ಇದೇ ಗ್ರೇಬೆಲ್‌ನ ಹೆಸರು.

"ಅಷ್ಟಕ್ಕೇ" ಎಂಬ ಮಾತಿಗೆ ಉತ್ತರ ಆ ಕಾಲದ ಆಡಳಿತದಲ್ಲಿದೆ. ಆಗ ಶಿಶುವಿನ ದೀಕ್ಷಾಸ್ನಾನವೆಂದರೆ ಧಾರ್ಮಿಕ ವಿಧಿಯಷ್ಟೇ ಅಲ್ಲ, ಆ ಮಗು ಆ ಊರಿನ, ಆ ದೊರೆಯ ಪ್ರಜೆಯೆಂದು ದಾಖಲಾಗುವ ಬಗೆ ಕೂಡ. ಅದನ್ನು ಅಲ್ಲಗಳೆದವರು ಸಭೆಯ ಸದಸ್ಯರು ಬೇರೆ, ದೊರೆಯ ಪ್ರಜೆಗಳು ಬೇರೆ ಎಂದಂತಾಯಿತು. ಕ್ಯಾಥೊಲಿಕ್ ದೊರೆಗಳಿಗೂ ಸುಧಾರಕರ ನಗರಸಭೆಗಳಿಗೂ ಒಮ್ಮತವಿದ್ದ ಕೆಲವೇ ಸಂಗತಿಗಳಲ್ಲಿ ಇವರನ್ನು ಸುಮ್ಮನೆ ಬಿಡಬಾರದೆಂಬುದೂ ಒಂದು. 1527ರ ಜನವರಿ 5ರಂದು ಮಾಂಟ್ಸ್‌ನನ್ನು ಜ್ಯೂರಿಕ್‌ನ ಲಿಮ್ಮಾಟ್ ನದಿಯಲ್ಲಿ ಕೈಕಾಲು ಕಟ್ಟಿ ಮುಳುಗಿಸಿದರು. ನೀರಿನಿಂದ ತಪ್ಪು ಮಾಡಿದವನಿಗೆ ನೀರಿನಿಂದಲೇ ಶಿಕ್ಷೆ. ಆ ನದಿಯ ದಡದಲ್ಲಿ ಸ್ಮಾರಕ ಫಲಕ ಏಳಲು 2004 ಬರಬೇಕಾಯಿತು; ಲೂಥರನ್ ವಿಶ್ವ ಒಕ್ಕೂಟ ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2010ರಲ್ಲಿ.

ಒಬ್ಬರ ಕಾಲು ಒಬ್ಬರು ತೊಳೀತಾರಂತೆ, ಹೌದಾ?

ಹೌದು, ಎಲ್ಲ ಸಭೆಗಳಲ್ಲೂ ಅಲ್ಲದಿದ್ದರೂ ಅನೇಕ ಕಡೆ ಪ್ರಭು ಭೋಜನದ ಜೊತೆಗೆ ಈ ಪದ್ಧತಿ ಉಳಿದಿದೆ. 1632ರ ಡಾರ್ಡ್ರೆಕ್ಟ್ ನಂಬಿಕೆಯ ಘೋಷಣೆಯಲ್ಲೇ ಇದಕ್ಕೊಂದು ವಿಧಿಯಿದೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಉಗುರುಬೆಚ್ಚಗಿನ ನೀರಿನ ಬೋಗುಣಿ, ಒಂದು ಟವೆಲ್ಲು. ಜೋಡಿಯಲ್ಲಿ ಒಬ್ಬರು ಕುರ್ಚಿಯಲ್ಲಿ ಕೂತು ಕಾಲುಚೀಲ ತೆಗೆಯುತ್ತಾರೆ, ಮತ್ತೊಬ್ಬರು ಮಂಡಿಯೂರಿ ಬೊಗಸೆಯಲ್ಲಿ ನೀರೆತ್ತಿ ಪಾದದ ಮೇಲೆ ಬಿಟ್ಟು ಒರೆಸುತ್ತಾರೆ. ಆಮೇಲೆ ಜಾಗ ಬದಲು. ಕೊನೆಗೆ ಎದ್ದು ನಿಂತು ಅಪ್ಪಿಕೊಳ್ಳುತ್ತಾರೆ, ಇಲ್ಲವೇ ಕೈಹಿಡಿಯುತ್ತಾರೆ.

ನಾನು ನೋಡಿದ ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಹದಿನೇಳರ ಹುಡುಗನ ಮುಂದೆ ಮಂಡಿಯೂರಿದ್ದರು. ಹುಡುಗ ನಾಚಿಕೆಯಿಂದ ಕಾಲ್ಬೆರಳು ಮಡಚಿಕೊಂಡಿದ್ದ. ನಮ್ಮ ಪಾದಪೂಜೆ ಕಣ್ಣಮುಂದೆ ಬಂತು. ಆದರೆ ನಮ್ಮಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಕಿರಿಯರಿಂದ ಹಿರಿಯರಿಗೆ, ಶಿಷ್ಯರಿಂದ ಗುರುಗಳಿಗೆ, ಮಾವನಿಂದ ಅಳಿಯನಿಗೆ. ಇಲ್ಲಿ ಜಾಗ ಬದಲಾಯಿಸುವುದೇ ಮುಖ್ಯ.

ಕೋರ್ಟಲ್ಲೂ ಆಣೆ ಮಾಡಲ್ಲ ಅಂದ್ರೆ ಅವರ ಮಾತು ನಂಬೋದು ಹೇಗೆ?

ಅವರು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ: ಧರ್ಮಸ್ಥಳದ ಆಣೆ ಹಾಕಿದಾಗ ಮಾತ್ರ ನಿಜ ಹೇಳುವವನಾದರೆ, ಉಳಿದ ಹೊತ್ತಿನಲ್ಲಿ ಅವನು ಹೇಳುವುದೇನು? ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಷ್ಟೇ ಇರಲಿ ಎಂಬ ಯೇಸುವಿನ ಮಾತನ್ನು ಇವರು ಅಕ್ಷರಶಃ ಹಿಡಿದಿದ್ದಾರೆ. ಕೆನಡಾ, ಅಮೆರಿಕದ ನ್ಯಾಯಾಲಯಗಳು ಪ್ರಮಾಣದ ಬದಲು ದೃಢವಚನವನ್ನು ಒಪ್ಪುತ್ತವೆ.

ಪಾಸ್ಟರನ್ನ ಚೀಟಿ ಎತ್ತಿ ಆರಿಸ್ತಾರೆ ಅನ್ನೋದು ನಿಜವಾ?

ಹಳೆಯ ಕ್ರಮದ ಸಭೆಗಳಲ್ಲಿ ನಿಜ. ಸದಸ್ಯರು ಸೂಚಿಸಿದ ಹೆಸರುಗಳು ಎಷ್ಟಿವೆಯೋ ಅಷ್ಟು ಹಾಡಿನ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಅವುಗಳಲ್ಲಿ ಒಂದರೊಳಗೆ ಮಾತ್ರ ಚೀಟಿ. ಪ್ರಾರ್ಥನೆಯ ನಂತರ ಒಬ್ಬೊಬ್ಬರೂ ಒಂದೊಂದು ಪುಸ್ತಕ ಎತ್ತಿಕೊಳ್ಳುತ್ತಾರೆ. ಚೀಟಿ ಬಂದವನು ಜೀವಮಾನವಿಡೀ, ಸಂಬಳವಿಲ್ಲದೆ, ಹೊಲಗೆಲಸದ ಜೊತೆಗೇ ಸಭಾಪಾಲಕ. ದೇವರ ಮುಂದೆ ಹೂಪ್ರಸಾದ ಕೇಳುವ ನಮ್ಮವರಿಗೆ ಇದು ತೀರ ಅಪರಿಚಿತವೇನಲ್ಲ. ಆದರೆ ನಾವು ಪ್ರಸಾದ ಬಲಕ್ಕೆ ಆಗಲೆಂದು ಹಾರೈಸಿದರೆ, ಆ ಸಾಲಿನಲ್ಲಿ ಕುಳಿತವರ ಹೆಂಡಂದಿರು ಚೀಟಿ ತಮ್ಮವರಿಗೆ ಬಾರದಿರಲೆಂದು ಬೇಡಿಕೊಂಡರೂ ತಪ್ಪು ಹೇಳುವಂತಿಲ್ಲ. ಪೇಟೆಯ ಸಭೆಗಳು ದೇವತಾಶಾಸ್ತ್ರ ಓದಿದವರನ್ನು, ಹೆಂಗಸರನ್ನೂ ಸೇರಿಸಿ, ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತವೆ.

ಕಳ್ಳ ಮನೆಗೆ ನುಗ್ಗಿದ್ರೂ ಕೈ ಎತ್ತಲ್ವಾ?

ಕೇಳುವವರೆಲ್ಲ ಗೆದ್ದೆವೆಂಬ ನಗೆಯೊಂದಿಗೆ ಕೇಳುವ ಪ್ರಶ್ನೆ ಇದು. 1527ರಲ್ಲಿ ಸ್ವಿಸ್ ಅನಾಬ್ಯಾಪ್ಟಿಸ್ಟರು ಮಾಡಿಕೊಂಡ ಶ್ಲೈಟ್‌ಹೈಮ್ ಒಡಂಬಡಿಕೆಯ ಏಳು ವಿಧಿಗಳಲ್ಲಿ ಒಂದು ಕತ್ತಿಯ ಬಗ್ಗೆ: ಕತ್ತಿ ದೊರೆಗಳ ಕೈಯಲ್ಲಿರಲಿ, ಕ್ರಿಸ್ತನನ್ನು ಹಿಂಬಾಲಿಸುವವನ ಕೈಯಲ್ಲಿ ಬೇಡ. ಈ ನಿಲುವಿಗೆ ಅವರು ವಾದಕ್ಕಿಂತ ಹೆಚ್ಚಾಗಿ ಕೊಡುವುದು ಒಂದು ಕತೆ. 1569ರಲ್ಲಿ ಹಾಲೆಂಡಿನ ಆಸ್ಪೆರೆನ್‌ನಲ್ಲಿ ಈ ನಂಬಿಕೆಗಾಗಿ ಸೆರೆಯಲ್ಲಿದ್ದ ಡಿರ್ಕ್ ವಿಲೆಮ್ಸ್ ಎಂಬ ಅನಾಬ್ಯಾಪ್ಟಿಸ್ಟ್ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಅವನು ದಾಟಿದ; ಬೆನ್ನಟ್ಟಿದವನ ಕಾಲಡಿ ಮಂಜುಗಡ್ಡೆ ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ಎಳೆದು ದಡ ಸೇರಿಸಿದ. ಬದುಕಿಕೊಂಡವನು ಇವನನ್ನು ಬಿಡಬೇಕೆಂದಿದ್ದ; ದಡದಲ್ಲಿದ್ದ ಊರಿನ ಮುಖ್ಯಸ್ಥ "ನಿನ್ನ ಪ್ರಮಾಣ ನೆನಪಿರಲಿ" ಎಂದು ಗದರಿದ. ಹಿಡಿದರು. ಮೇ 16ರಂದು ಸುಟ್ಟರು. ಆಣೆ ಬೇಡವೆನ್ನುವವನು ಹಿಂದಿರುಗಿ ಬಂದ, ಆಣೆಯಿಟ್ಟವನು ಹಿಡಿದುಕೊಟ್ಟ.

ಹಾಗೆಂದು ಎಲ್ಲರೂ ಡಿರ್ಕ್ ಆಗಲಿಲ್ಲ. ಇಂದಿನ ಮೆನ್ನೋನೈಟರು ಕಳ್ಳ ಬಂದರೆ ಪೊಲೀಸರಿಗೆ ಫೋನ್ ಮಾಡುತ್ತಾರೆ. 1918-19ರ ರಷ್ಯದ ಅಂತರ್ಯುದ್ಧದಲ್ಲಿ ದಂಗೆಕೋರರ ಲೂಟಿ, ಅತ್ಯಾಚಾರಗಳನ್ನು ಕಂಡ ಉಕ್ರೇನಿನ ಮೆನ್ನೋನೈಟ್ ಹಳ್ಳಿಗಳ ಕೆಲವು ಯುವಕರು ಬಂದೂಕು ಹಿಡಿದು ಆತ್ಮರಕ್ಷಣಾ ದಳ ಕಟ್ಟಿದ್ದರು. ಅದರಿಂದ ಸೇಡು ಹೆಚ್ಚಿತೇ ಹೊರತು ರಕ್ಷಣೆ ಸಿಗಲಿಲ್ಲವೆಂದು ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಚರ್ಚಿಸುತ್ತಾರೆ.

## ಚರಿತ್ರೆ ಮತ್ತು ಭಾರತ

ಡಚ್ ಹೆಸರು, ಜರ್ಮನ್ ಮಾತು, ರಷ್ಯದ ಸಾರು: ಇವರು ನಿಜಕ್ಕೂ ಎಲ್ಲಿಯವರು?

ಎರಡು ದಾರಿಯಲ್ಲಿ ನಡೆದು ಬಂದವರು. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಕವಲು 18ನೆಯ ಶತಮಾನದ ಆರಂಭದಿಂದ ಪೆನ್ಸಿಲ್ವೇನಿಯಕ್ಕೆ, ಅಲ್ಲಿಂದ 1800ರ ಸುಮಾರಿಗೆ ದೊಡ್ಡ ಕುದುರೆಬಂಡಿಗಳಲ್ಲಿ ಒಂಟಾರಿಯೊಕ್ಕೆ ಬಂತು. ಡಚ್ ಕವಲು ಪೂರ್ವಕ್ಕೆ ಹೋಯಿತು. ಮೊದಲು ಪೋಲೆಂಡಿನ ವಿಸ್ಟುಲಾ ನದೀಮುಖದ ಜೌಗು ನೆಲವನ್ನು ಒಣಗಿಸಿ ಬೇಸಾಯ ಮಾಡಿತು. ಆಮೇಲೆ, ಸೈನ್ಯಕ್ಕೆ ಕರೆಯುವುದಿಲ್ಲವೆಂಬ ರಷ್ಯದ ರಾಣಿ ಕ್ಯಾಥರೀನಳ ಭರವಸೆ ನಂಬಿ, 1789ರಲ್ಲಿ ಖೋರ್ಟಿಟ್ಸಾ, 1804ರಲ್ಲಿ ಮೊಲೊಚ್ನಾ ಎಂಬ ವಸಾಹತುಗಳನ್ನು ಇಂದಿನ ಉಕ್ರೇನಿನಲ್ಲಿ ಕಟ್ಟಿತು. ಆ ಭರವಸೆ ಸಡಿಲವಾದಾಗ 1870ರ ದಶಕದಲ್ಲಿ ಸಾವಿರಾರು ಮಂದಿ ಕಾನ್ಸಾಸ್, ಮ್ಯಾನಿಟೋಬಾಗಳಿಗೆ ಹೊರಟರು. ಕ್ರಾಂತಿಯ ನಂತರ 1920ರ ದಶಕದಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿ ಕೆನಡಾ ಸೇರಿದರು, ಕೆಲವರು ಪರಾಗ್ವೆಯ ಚಾಕೋ ಎಂಬ ಒಣಕಾಡಿಗೆ ಹೋದರು. ಈ ಕವಲಿನ ಹಿರಿಯರ ಮನೆಮಾತು ಪ್ಲಾಟ್‌ಡೀಚ್ ಎಂಬ ಜರ್ಮನ್ ಉಪಭಾಷೆ. ಅವರ ಅಡುಗೆಮನೆಯ ಬೋರ್ಷ್ಟ್ ಸಾರು ಹೆಚ್ಚಾಗಿ ಎಲೆಕೋಸಿನದು, ಬೀಟ್‌ರೂಟ್ ಹಾಕುವ ಉಕ್ರೇನಿನ ನೆರೆಯವರದಕ್ಕಿಂತ ಬೇರೆ.

ಭಾರತದಲ್ಲೂ ಇದ್ದಾರಾ? ಕರ್ನಾಟಕದ ಹತ್ತಿರ ಎಲ್ಲಾದರೂ?

ಅನಾಬ್ಯಾಪ್ಟಿಸ್ಟರ ಸಂಖ್ಯೆ ಹೆಚ್ಚಿರುವ ಮೊದಲ ಐದು ದೇಶಗಳಲ್ಲಿ ಭಾರತವೂ ಒಂದು. ರಷ್ಯದಿಂದ ಅಬ್ರಹಾಂ ಮತ್ತು ಮರಿಯಾ ಫ್ರೀಸನ್ ದಂಪತಿ 1889ರಲ್ಲಿ ನಿಜಾಮರ ಸೀಮೆಗೆ ಬಂದು ನಲ್ಗೊಂಡದಲ್ಲಿ ಕೆಲಸ ಆರಂಭಿಸಿದರು. ಹತ್ತು ವರ್ಷಗಳ ನಂತರ ಅಮೆರಿಕದ ಮೆನ್ನೋನೈಟ್ ಬ್ರೆದ್ರೆನ್ ಸಭೆಯವರೂ ಬಂದರು. ಮಹಬೂಬನಗರ, ವನಪರ್ತಿ, ಗದ್ವಾಲಗಳಲ್ಲಿ ಅವರ ಕೇಂದ್ರಗಳಿದ್ದವು, ಜಡ್ಚರ್ಲದಲ್ಲಿ ಆಸ್ಪತ್ರೆಯಿತ್ತು. ರೇಷ್ಮೆ ಸೀರೆಗೆ ಹೆಸರಾದ ಆ ಗದ್ವಾಲ ನಮ್ಮ ರಾಯಚೂರಿನ ಮಗ್ಗುಲಿಗೇ, ಕೃಷ್ಣಾ ತುಂಗಭದ್ರೆಗಳ ನಡುವೆ ಇದೆ. 1956ರವರೆಗೆ ಎರಡೂ ಒಂದೇ ಹೈದರಾಬಾದ್ ರಾಜ್ಯದವು. ಸಭೆಯ ಮಾತು ತೆಲುಗು, ಸದಸ್ಯರಲ್ಲಿ ಬಹುತೇಕರು ದಲಿತ ಸಮುದಾಯದವರು. ಪೆನ್ಸಿಲ್ವೇನಿಯದ ಮನೆತನಗಳ ವಂಶಾವಳಿಗಿಂತ ಈ ಸಭೆಗಳ ಚರಿತ್ರೆಯೇ ನನಗೆ ಹೆಚ್ಚು ಕುತೂಹಲದ್ದು, ಅದನ್ನು ಕನ್ನಡದಲ್ಲಿ ಬರೆದವರು ಬಹಳ ಕಡಿಮೆ.

ಇನ್ನೊಂದು ನೆಲೆ ಛತ್ತೀಸಗಢ. 1890ರ ದಶಕದ ಕೊನೆಯ ಕ್ಷಾಮಕ್ಕೆ ಅಮೆರಿಕದ ಮೆನ್ನೋನೈಟರು ಧಾನ್ಯ ಕಳುಹಿಸಿದರು. ಅದರ ಬೆನ್ನಿಗೆ 1899ರಲ್ಲಿ ಧಮ್ತರಿಯಲ್ಲಿ ಅನಾಥಾಲಯ, ಶಾಲೆ, ಮುಂದೆ ಆಸ್ಪತ್ರೆ ಬಂದವು. ಚಾಂಪಾದಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ಬೆಳೆಯಿತು. 1997ರ ಜನವರಿಯಲ್ಲಿ ಮೆನ್ನೋನೈಟರ ಜಾಗತಿಕ ಸಮ್ಮೇಳನ ಕಲ್ಕತ್ತದಲ್ಲಿ ಸೇರಿತ್ತು.

## ಸೇವೆ ಮತ್ತು ತಕರಾರುಗಳು

ಸಹಾಯ ಮಾಡೋದೆಲ್ಲ ಮತಾಂತರಕ್ಕೇ ಅಲ್ವಾ?

ಎರಡು ಕೆಲಸಗಳಿವೆ, ಅವುಗಳನ್ನು ಬೇರೆ ಬೇರೆ ಹೇಳುವುದೇ ನ್ಯಾಯ. ಸುವಾರ್ತೆ ಸಾರುವ ಮಿಷನ್ ಸಂಸ್ಥೆಗಳು ಇವರಲ್ಲೂ ಇವೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಧಮ್ತರಿಯ ಸಭೆಯ ಮೊದಲ ಸದಸ್ಯರಲ್ಲಿ ಅನೇಕರು ಕ್ಷಾಮದ ಅನಾಥರು; ಅನ್ನ ಕೊಟ್ಟ ಕೈ ಹಿಡಿದವರ ಒಪ್ಪಿಗೆ ಎಷ್ಟು ಸ್ವತಂತ್ರವೆಂಬ ಪ್ರಶ್ನೆ, ತಿಳಿದು ಒಪ್ಪಿದ ನಂಬಿಕೆಗಾಗಿ ಸತ್ತವರ ಪರಂಪರೆಗೆ ಇನ್ನಷ್ಟು ಚುಚ್ಚಬೇಕಾದ ಪ್ರಶ್ನೆ.

ಪರಿಹಾರದ ಕೆಲಸ ಮಾಡುವ ಮೆನ್ನೋನೈಟ್ ಸೆಂಟ್ರಲ್ ಕಮಿಟಿ ಬೇರೆ. ಅದು 1920ರಲ್ಲಿ, ಉಕ್ರೇನಿನಲ್ಲಿ ಹಸಿದಿದ್ದ ತಮ್ಮವರಿಗಾಗಿ ಹುಟ್ಟಿತು. ಮೊದಲು ಹೋದವರಲ್ಲಿ ಒಬ್ಬನಾದ ಕ್ಲೇಟನ್ ಕ್ರಾಟ್ಸ್ ಎಂಬ ಯುವಕ ಅಂತರ್ಯುದ್ಧದ ನಡುವೆ ಕಾಣೆಯಾದವನು ಮತ್ತೆ ಸಿಗಲಿಲ್ಲ. ಈ ಸಂಸ್ಥೆ ನೆರವು ಪಡೆಯುವವರ ಧರ್ಮ ಕೇಳುವುದಿಲ್ಲ. 1979ರಲ್ಲಿ ವಿಯೆಟ್ನಾಮಿನ ನಿರಾಶ್ರಿತರನ್ನು ಕರೆಸಿಕೊಳ್ಳಲು ಕೆನಡಾ ಸರ್ಕಾರದೊಂದಿಗೆ ಖಾಸಗಿ ಪ್ರಾಯೋಜಕತ್ವದ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು ಅದೇ.

ಹಣ ಬರುವ ಬಗೆಯನ್ನು ನೋಡಬೇಕಾದರೆ ನ್ಯೂ ಹ್ಯಾಂಬರ್ಗ್‌ನ ಪರಿಹಾರ ಹರಾಜಿಗೆ ಹೋಗಿ. ಹೆಂಗಸರು ಚಳಿಗಾಲವಿಡೀ ಚೌಕಟ್ಟಿನ ಸುತ್ತ ಕೂತು ಹೊಲಿದ ಕ್ವಿಲ್ಟುಗಳನ್ನು ಇಬ್ಬರು ಎತ್ತಿ ಹಿಡಿಯುತ್ತಾರೆ, ಹರಾಜುಗಾರ ಉಸಿರು ಬಿಡದೆ ಕೂಗುತ್ತಾನೆ. ಧಾರವಾಡದ ಗೆಳೆಯರೊಬ್ಬರ ತಾಯಿ ಒಂದರ ಅಂಚು ಮಗುಚಿ ಹೊಲಿಗೆಯ ಮೇಲೆ ಬೆರಳಾಡಿಸಿ "ಇದು ನಮ್ಮ ಕೌದಿನs ಅಲ್ಲೇನವಾ, ದಾರ ಅಷ್ಟ ಸಣ್ಣದೈತಿ" ಎಂದರು. ಸಸ್ಯಾಹಾರಿಗಳಿಗೊಂದು ಕಿವಿಮಾತು: ಇವರ ಅಹಿಂಸೆ ಹಂದಿಯವರೆಗೆ ಹೋಗುವುದಿಲ್ಲ, ಸಾಸೇಜ್ ಅಂಗಡಿಯ ಮುಂದೆಯೇ ಸಾಲು ಉದ್ದ.

ಜಗತ್ತೇ ಹಿಟ್ಲರನ ವಿರುದ್ಧ ಹೋರಾಡುವಾಗ ಇವರು ಮನೇಲಿ ಕೂತರಲ್ಲ?

ಮನೆಯಲ್ಲಿ ಕೂರಲಿಲ್ಲ, ಆದರೆ ಪ್ರಶ್ನೆಯ ಮೊನೆ ಅದರಿಂದ ಮೊಂಡಾಗುವುದಿಲ್ಲ. ಅಮೆರಿಕದಲ್ಲಿ 1941ರಿಂದ 1947ರವರೆಗೆ ಆಯುಧ ಹಿಡಿಯಲೊಲ್ಲದವರಿಗಾಗಿ ನಡೆದ ನಾಗರಿಕ ಸೇವಾ ಶಿಬಿರಗಳಲ್ಲಿ ಸುಮಾರು 12 ಸಾವಿರ ಮಂದಿ, ಮೆನ್ನೋನೈಟರೇ ಅವರಲ್ಲಿ ದೊಡ್ಡ ಗುಂಪು, ಕಾಡು ಬೆಳೆಸಿದರು, ಕಾಳ್ಗಿಚ್ಚು ಆರಿಸಿದರು, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದರು. ಅಲ್ಲಿ ರೋಗಿಗಳನ್ನು ಬೆತ್ತಲೆ ಕೂಡಿಹಾಕುತ್ತಿದ್ದುದನ್ನು ಅವರು ಹೊರಗೆ ತಂದದ್ದು ಮುಂದೆ ಸುಧಾರಣೆಗೆ ಒಂದು ಕಾರಣವಾಯಿತು. ಸೈನ್ಯದ ಕರೆ ಬಂದ ಅಮೆರಿಕದ ಮೆನ್ನೋನೈಟ್ ಯುವಕರಲ್ಲಿ ಹತ್ತರಲ್ಲಿ ನಾಲ್ವರು ಸಮವಸ್ತ್ರ ತೊಟ್ಟೇ ಹೋದರು. ಜರ್ಮನಿಯ ಮೆನ್ನೋನೈಟರಂತೂ ಆಯುಧ ನಿರಾಕರಣೆಯನ್ನು ಅಷ್ಟರಲ್ಲಾಗಲೇ ಬಿಟ್ಟಿದ್ದರು, ಅವರಲ್ಲಿ ನಾಜಿಗಳಿಗೆ ಜೈ ಎಂದವರೂ ಇದ್ದರು. ಇದು ಅವರ ಚರಿತ್ರಕಾರರೇ ಇತ್ತೀಚೆಗೆ ಬಿಚ್ಚಿಟ್ಟಿರುವ ಸಂಗತಿ.

ಗಾಂಧೀಜಿಯ ಅಹಿಂಸೆಯೂ ಇದೂ ಒಂದೇ ಅಲ್ವಾ?

ಹೊರಗಿನಿಂದ ಹಾಗೆ ಕಾಣುತ್ತದೆ. ಆದರೆ ಹಳೆಯ ಮೆನ್ನೋನೈಟ್ ಬೋಧನೆ ಪ್ರತಿರೋಧವೇ ಬೇಡವೆನ್ನುತ್ತಿತ್ತು. ಬಹಿಷ್ಕಾರ, ಸತ್ಯಾಗ್ರಹಗಳಲ್ಲೂ ಎದುರಾಳಿಯ ಮೇಲೆ ಒತ್ತಡವಿದೆ, ಅದೂ ಬಲವೇ ಎಂದು ಅನುಮಾನಿಸುತ್ತಿತ್ತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸುಮ್ಮನಿರುವಿಕೆ ಕರಗಿ, ಶಾಂತಿಗಾಗಿ ಕೈಹಾಕಿ ದುಡಿಯುವುದೇ ಸರಿಯೆಂಬ ನಿಲುವು ಬಲವಾಯಿತು. ಅದರ ಒಂದು ಫಲ ನಮ್ಮೂರ ಪಕ್ಕದ ಎಲ್ಮೈರಾದ್ದು. 1974ರಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ ಇಪ್ಪತ್ತೆರಡು ಕಡೆ ಕಿಟಕಿ, ಟೈರು ಇತ್ಯಾದಿ ಹಾಳುಗೆಡವಿದ್ದರು. ಮೆನ್ನೋನೈಟರಾಗಿದ್ದ ಪ್ರೊಬೇಷನ್ ಅಧಿಕಾರಿಯೊಬ್ಬರ ಸಲಹೆಯಂತೆ ನ್ಯಾಯಾಧೀಶರು ಅವರನ್ನು ಆ ಮನೆಮನೆಯ ಬಾಗಿಲಿಗೇ ಕಳುಹಿಸಿ, ಮುಖ ಕೊಟ್ಟು ಮಾತಾಡಿಸಿ, ನಷ್ಟ ತುಂಬಿಸಿದರು. ಅಪರಾಧಿಯನ್ನೂ ನೊಂದವರನ್ನೂ ಎದುರುಬದುರು ಕೂರಿಸುವ ಪದ್ಧತಿ ಅನೇಕ ದೇಶಗಳಿಗೆ ಹರಡಿದ್ದು ಇದರ ನಂತರ.

ಶಾಂತಿಪ್ರಿಯರು ಸರಿ, ಆದ್ರೆ ಅವರು ಕೂತಿರೋ ನೆಲ ಯಾರದು?

ವಾಟರ್ಲೂ ಸೀಮೆ, 1784ರಲ್ಲಿ ಬ್ರಿಟಿಷರು ಗ್ರ್ಯಾಂಡ್ ನದಿಯ ಎರಡೂ ದಡದಲ್ಲಿ ಆರಾರು ಮೈಲಿಯಂತೆ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿ ಒಕ್ಕೂಟಕ್ಕೆ ಬಿಟ್ಟುಕೊಟ್ಟ ಭೂಮಿಯ ಭಾಗ. ಅದರ ಒಂದು ತುಂಡು ಒಬ್ಬ ವ್ಯಾಪಾರಿಯ ಕೈಗೆ ಹೋಗಿ, ಅವನಿಂದ ಹೊಲ ಕೊಂಡ ಮೆನ್ನೋನೈಟರಿಗೆ ಅದು ಅಡಮಾನದಲ್ಲಿದೆಯೆಂದು ಆಮೇಲೆ ತಿಳಿಯಿತು. ಪೆನ್ಸಿಲ್ವೇನಿಯದ ನೆಂಟರು ಹಣ ಕೂಡಿಸಿ 1805ರಲ್ಲಿ 60,000 ಎಕರೆಯನ್ನು ಋಣಮುಕ್ತವಾಗಿ ಕೊಂಡರು. ಆ ಕತೆಯನ್ನು ಇಲ್ಲಿಯ ಮನೆತನಗಳು ಬಹುಕಾಲ ಸಾಹಸಗಾಥೆಯಾಗಿಯೇ ಹೇಳಿಕೊಂಡು ಬಂದವು: ಕ್ರಯ ಕೊಟ್ಟಿದ್ದೇವೆ, ಕತ್ತಿ ಹಿಡಿದು ಕಸಿದದ್ದಲ್ಲ. ಈಗ ಕೆಲವು ಸಭೆಗಳಲ್ಲಿ ಭಾನುವಾರದ ಆರಾಧನೆ ಶುರುವಾಗುವುದೇ ಈ ನೆಲ ಯಾರದೆಂದು ಹೇಳುವ ಎರಡು ಸಾಲಿನಿಂದ. ಅದನ್ನು ಓದಿ ಕೂತರೆ ಸಾಕೇ ಎಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುವ ಅಜ್ಜಿ ಒಮ್ಮೆ ಸಭೆಯಲ್ಲಿ ಎದ್ದು ನಿಂತು ಕೇಳಿದರು. ಅಂದಿನ ಚರ್ಚೆ ಕಾಫಿ ಆರಿ ತಣ್ಣಗಾಗುವವರೆಗೂ ನಡೆಯಿತು.